ಸೂಗಪ್ಪನ ತೂಗುಸೈಕಲ್ಲುಗಳು

ಶಹಾಬಜಾರದ ಆ ಓಣಿಯಲ್ಲಿ ಗ್ಯಾರೇಜು ಇದ್ದದ್ದು ಸೂಗಪ್ಪನ ಮನೆಯೊಂದಕ್ಕೇ. ಕಾರು ಅವನಿಗಿರಲಿಲ್ಲ. ಇದ್ದಿದ್ದರೂ ಆ ಓಣಿಯಲ್ಲಿ ಅದು ತಿರುಗುತ್ತಿರಲಿಲ್ಲ. ಆದರೂ ಮನೆ ಕಟ್ಟಿಸುವಾಗ ಹಟ ಹಿಡಿದು ಗ್ಯಾರೇಜು ಮಾಡಿಸಿದ ಆ ಮಹಾನುಭಾವ, ಅದರ ತುಂಬ ಸೈಕಲ್ಲು ತುರುಕಿದ್ದ. ತೀರಿಹೋದ ಅಪ್ಪನ ಸೈಕಲ್ಲು, ಮಗಳು ಅಂಬಿಕಾಳ ಶಾಲೆಯ ಸೈಕಲ್ಲು, ಅದಕ್ಕೂ ಹಿಂದಿನ ಅವಳ ಮೂರು ಗಾಲಿಯ ಸೈಕಲ್ಲು, ಹೊಟ್ಟೆ ಕರಗಿಸಲೆಂದು ತಾನು ಕೊಂಡ ಗೇರಿನ ಸೈಕಲ್ಲು. ಈ ಗೇರಿನದು ಒಮ್ಮೆ ಕೋಟೆಯ ತನಕ ಹೋಗಿ ಆಟೋದಲ್ಲಿ ವಾಪಸು ಬಂದಿತ್ತು. ಅಂಬಿಕಾ ಮದುವೆಯಾಗಿ ಬೀದರಿನಲ್ಲಿ ಸ್ಕೂಟಿ ಓಡಿಸುತ್ತಿದ್ದಳು. ಒಂದನ್ನಾದರೂ ಗುಜರಿಗೆ ಹಾಕೋಣವೆಂದರೆ ಸೂಗಪ್ಪನ ಕಣ್ಣು ತುಂಬುತ್ತಿತ್ತು. ಹೆಂಡತಿಗೆ ಜ್ವರ ಬಂದಾಗ ಮಾತ್ರ ಅದೇ ಕಣ್ಣು ಟಿವಿಯ ಮೇಲಿರುತ್ತಿತ್ತು.

ಹೆಂಡತಿ ಸುನಂದಾಳಿಗೆ ಈಗ ಆ ಜಾಗ ಬೇಕಾಗಿತ್ತು. ಮಾಳಿಗೆಯ ಮೇಲೆ ತಗಡಿನ ಕೆಳಗೆ ಬೇಯುತ್ತ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದವಳಿಗೆ, ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ದಿನಾ ರೊಟ್ಟಿ ಕೊಡುವ ಕೆಲಸ ಸಿಗುವುದರಲ್ಲಿತ್ತು. ಹಾಸ್ಟೆಲಿನ ಲತೀಫಾ ಮೇಡಂ ಸೋಮವಾರ ಬಂದು ಜಾಗ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಕೆಲಸ ಬೇರೆಯವರ ಪಾಲು. ಜೀವಮಾನದಲ್ಲಿ ಮೊದಲ ಸಲ ತನ್ನದೆಂದು ಒಂದು ದುಡಿಮೆ ಬರುತ್ತಿರುವಾಗ ಅದನ್ನು ಬಿಟ್ಟುಕೊಡಲು ಸುನಂದಾ ತಯಾರಿರಲಿಲ್ಲ.

"ಸೈಕಲ್ ತೆಗಿ ಅಂದ್ರ ತೆಗೀತೀನಿ. ಎಲ್ಲಿ ಇಡಬೇಕು, ತಲಿ ಮ್ಯಾಲ?" ಎಂದ ಸೂಗಪ್ಪ.

ಸುನಂದಾ ಜಗಳಾಡದೆ ಕಮಲಾಪುರದ ಬಸ್ಸು ಹತ್ತಿದಳು. ಅಲ್ಲಿ ಅವಳ ತಮ್ಮ ಶಿವಶರಣನದು ಬಾಳೆಹಣ್ಣಿನ ವ್ಯಾಪಾರ. ಅವನ ಕೋಣೆಯಲ್ಲಿ ಕೆಂಪುಬಾಳೆಯ ಗೊನೆಗಳು ಜಂತಿಯಿಂದ ಹಗ್ಗದಲ್ಲಿ ಸಾಲಾಗಿ ತೂಗುತ್ತಿದ್ದವು. ಕೆಳಗೆ ನೆಲವೆಲ್ಲ ಖಾಲಿ.

"ಶಿವಶರಣ, ಸೈಕಲ್ ಹಿಂಗ ಕಟ್ಟಾಕ ಬರ್ತದೇನೋ?"

"ಗೊನಿ ತಡಿಯೋ ಹಗ್ಗ ಸೈಕಲ್ ತಡೀದ ಇರ್ತದೇನಕ್ಕಾ? ಮತ್ತ ಭಾವಾರ ಸೈಕಲ್ ಕೊಳಿಯೂದೂ ಇಲ್ಲ."

ಶನಿವಾರ ಶಿವಶರಣ ಹಗ್ಗ, ಕೊಕ್ಕೆ ತಂದು ಎಲ್ಲ ಸೈಕಲ್ಲುಗಳನ್ನೂ ಛತ್ತಿಗೆ ತೂಗುಹಾಕಿಕೊಟ್ಟ. ಎಷ್ಟೋ ವರ್ಷದ ಮೇಲೆ ಗ್ಯಾರೇಜಿನ ನೆಲ ಕಂಡಿತು. ಸುನಂದಾಳಿಗೆ ಕುಣಿಯುವಷ್ಟು ಖುಷಿ. ಸ್ಟೂಲು ಹಿಡಿದು ನಿಂತದ್ದಷ್ಟೇ ತನ್ನ ಪಾಲಿನ ಕೆಲಸವಾಗಿದ್ದ ಸೂಗಪ್ಪ, ಇದು ತನ್ನದೇ ತಲೆಗೆ ಹೊಳೆದದ್ದು ಎಂದು ಓಣಿಗೆಲ್ಲ ಹೇಳಿಬಂದ.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಯೆಂದರೆ ಗಾಡಿಪೂಜೆ. ಊರಿನವರೆಲ್ಲ ಓಡುವ ಗಾಡಿಗೆ ಪೂಜೆ ಮಾಡಿದರೆ ಸೂಗಪ್ಪ ಓಡದವುಗಳಿಗೂ ತಪ್ಪಿಸಿದವನಲ್ಲ. ಸ್ಟೂಲು ಹತ್ತಿ, ತೂಗುವ ಒಂದೊಂದಕ್ಕೂ ವಿಭೂತಿ ಬಳಿದ, ನಿಂಬೆಹಣ್ಣು ಕಟ್ಟಿದ. ಗಾಳಿಯಿಲ್ಲದ ಗಾಡಿಗೆ ಪೂಜೆ ಸಲ್ಲದೆಂದು ಪಂಪು ಹಿಡಿದು, ಬಿರುಕುಬಿಟ್ಟ ಆ ಹಳೆಯ ಟೈರುಗಳಿಗೆಲ್ಲ ಕಲ್ಲಿನ ಹಾಗಾಗುವ ತನಕ ಗಾಳಿ ತುಂಬಿದ. ಆಫೀಸಿನಲ್ಲಿದ್ದಾಗ ಅಷ್ಟು ಬೆವರು ಸುರಿಸಿದ್ದರೆ ಪ್ರಮೋಷನ್ನಾದರೂ ಸಿಗುತ್ತಿತ್ತು.

ಸೋಮವಾರ ಸುನಂದಾ ಮತ್ತು ರೊಟ್ಟಿ ಬಡಿಯಲು ಅವಳು ಕರೆದ ಓಣಿಯ ಹೆಂಗಸರು ಗ್ಯಾರೇಜಿನಲ್ಲಿ ದೊಡ್ಡ ಒಲೆಗಳನ್ನು ಹೊತ್ತಿಸಿ ಹಂಚು ಕಾಯಿಸಿದರು. ಛತ್ತು ಗಿಡ್ಡ, ಕಾವೆಲ್ಲ ಮೇಲೇರಿತು. ಲತೀಫಾ ಮೇಡಂ ಬಂದರು, ರೊಟ್ಟಿ ಮುರಿದು ಬಾಯಿಗಿಟ್ಟರು, ತಲೆದೂಗಿದರು. ಆಗ ಅಪ್ಪನ ಸೈಕಲ್ಲಿನ ಟ್ಯೂಬು ಢಂ ಎಂದಿತು. ಮೇಡಂ ಕೈಯಲ್ಲಿದ್ದ ರೊಟ್ಟಿ ಹಾರಿಹೋಯಿತು. ಅದರ ಹಿಂದೆಯೇ ಅಂಬಿಕಾಳದು, ಆಮೇಲೆ ಗೇರಿನದು. ಅದುರಿದ ಸೈಕಲ್ಲಿನಿಂದ ನಿಂಬೆಹಣ್ಣೊಂದು ಕಳಚಿ ನಾದಿದ ಹಿಟ್ಟಿನಲ್ಲಿ ಹೂತುಕೊಂಡಿತು. ಹೆಂಗಸರೆಲ್ಲ ಓಣಿಗೆ ಓಡಿದರು.

"ಯಾ ಅಲ್ಲಾ!" ಲತೀಫಾ ಮೇಡಂ ಎದೆ ಹಿಡಿದು ನಿಂತರು. "ಸುನಂದಾಬಾಯಿ, ನಿಮ್ಮ ರೊಟ್ಟಿ ಛಲೋ ಅವ. ಆದ್ರ ಈ ಛತ್ತಿನ ಕೆಳಗ ಮಾಡಿದ್ದು ನಮ್ಮ ಹುಡ್ಗ್ಯಾರಿಗೆ ಬ್ಯಾಡ್ರಿ. ಬ್ಯಾರೆ ಜಾಗಾ ಇದ್ರ ಈಗ ತೋರಸ್ರಿ."

ಸುನಂದಾ ಗಂಡನ ಮುಖ ನೋಡಿದಳು. ಈಗಲೇ ಎಲ್ಲ ಇಳಿಸಿ ಗುಜರಿಗೆ ಹಾಕುತ್ತೇನೆ ಎಂದುಬಿಟ್ಟರೆ ಸಾಕಿತ್ತು. ಸೂಗಪ್ಪ ಸ್ಟೂಲು ಹತ್ತಿ, ವೈದ್ಯ ನಾಡಿ ಹಿಡಿದಂತೆ ಅಪ್ಪನ ಸೈಕಲ್ಲಿನ ಟೈರು ಒತ್ತುತ್ತಿದ್ದ.

"ಹೊಸಾ ಟ್ಯೂಬ್ ಹಾಕಸ್ಬೇಕು" ಎಂದ.

ಸುನಂದಾಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಮೈಯೆಲ್ಲ ಉರಿಯಿತು.

"ಜಾಗಾ ಅದರೀ ಮೇಡಂ, ಬರ್ರಿ" ಎಂದು ಮನೆಯ ಪಡಸಾಲೆಗೆ ಕರೆದೊಯ್ದಳು. ಎತ್ತರದ ಛತ್ತು, ಎರಡು ಕಿಟಕಿ, ನಡುವೆ ಸೂಗಪ್ಪನ ದಿವಾನ, ಅವನ ಟಿವಿ. "ಇಲ್ಲೇ ಮಾಡ್ತೇವ್ರಿ. ಈಗಿಂದೀಗ ಖಾಲಿ ಮಾಡ್ತೀನಿ."

ಲತೀಫಾ ಮೇಡಂ ಮೊದಲು ತಲೆಯೆತ್ತಿ ಮೇಲೆ ನೋಡಿದರು. ಫ್ಯಾನು ಬಿಟ್ಟರೆ ಏನೂ ಇರಲಿಲ್ಲ. "ಆತು, ನಾಳಿಂದ ಕಳಸ್ರಿ" ಎಂದು ಹೊರಟರು.

ಹೆಂಗಸರು ನಾಲ್ಕು ಮೂಲೆ ಹಿಡಿದು ದಿವಾನ ಎತ್ತಿದರು. ಅದು ಬಾಗಿಲು ದಾಟುವಾಗ ಸೂಗಪ್ಪ ಓಡಿಬಂದ.

"ಏ ಸುನಂದಾ, ಮತ್ತ ನಾ ಎಲ್ಲಿ ಇರ್ಲಿ?"

"ಗ್ಯಾರೇಜಿನ್ಯಾಗ ಇರ್ರಿ. ನಿಮ್ಮ ಮಂದಿ ಎಲ್ಲಾ ಅಲ್ಲೇ ಅದಾರಲ್ಲ" ಎಂದು ಸುನಂದಾ ಹೊಸ ಹಿಟ್ಟು ನಾದಲು ಕೂತಳು. ಅಯ್ಯೋ ಅನಿಸಲಿಲ್ಲ. ಇದು ಇಷ್ಟು ಸುಲಭವಿತ್ತೇ ಎಂದು, ಕಳೆದ ಅಷ್ಟೂ ವರ್ಷಗಳ ಮೇಲೆ ಸಿಟ್ಟು ಬಂತು.