ಇಳಿಜಾರಿನಲ್ಲಿ ಸೊನ್ನೆ

ಸೈಲೆನ್ಸರ್ ಬೆಸುಗೆಯಲ್ಲಿ ಅಕ್ಕನದು ಪಳಗಿದ ಕೈ; ಕಿವಿಯಂತೂ ಇನ್ನೂ ಪಳಗಿದ್ದು. ಬೀದಿಯ ತಿರುವಿನಲ್ಲಿ ಬರುವ ಗಾಡಿಯ ಸದ್ದು ಕೇಳಿಯೇ ಕೊಳವೆ ಎಲ್ಲಿ ತೂತಾಗಿದೆ ಎಂದು ಹೇಳಿಬಿಡುತ್ತಿದ್ದಳು. ಅಂಥವಳು ತಮ್ಮನ ಕಾರಿಗೆಂದು ಅಗಲ ಬಾಯಿಯ ಸ್ಟೀಲ್ ಕೊಳವೆಯನ್ನು ತಾನೇ ಕೂತು ಮಾಡಿಕೊಟ್ಟಿದ್ದಳು.

“ಹೊಗೆ ಸರಾಗವಾಗಿ ಹೋದ್ರೆ ಇಂಜಿನ್ನಿಗೆ ಉಸಿರಾಡೋದು ಸುಲಭ. ಪೆಟ್ರೋಲೂ ಕಡಿಮೆ ಕುಡಿಯುತ್ತೆ” ಎಂದಿದ್ದಳು. ಮಸಿ ಕಟ್ಟಿ ಉಸಿರುಗಟ್ಟಿದ್ದ ಹಳೆಯ ಲಾರಿಯೊಂದರಲ್ಲಿ ಅದು ನಿಜವೂ ಆಗಿತ್ತು.

ಅಕ್ಕ ಹೇಳಿದ ಮೇಲೆ ತಮ್ಮನಿಗೆ ಇನ್ನೊಂದು ಮಾತಿಲ್ಲ. ಕಾರು ಈಗ ಗುಡುಗುತ್ತಿತ್ತು. ಆ ಗುಡುಗು ಕೇಳುವುದಕ್ಕೆಂದೇ ಅವನ ಕಾಲು ಹೊತ್ತುಗೊತ್ತಿಲ್ಲದೆ ಪೆಡಲನ್ನು ಒತ್ತುತ್ತಿತ್ತು. ಅವನ ಹೆಂಡತಿ ಮಾತ್ರ ಅದೇ ಕಾರನ್ನು ಸದ್ದೇ ಇಲ್ಲದೆ ಓಡಿಸುತ್ತಿದ್ದಳು. ಊರಾಚೆಯ ಹೊಲಿಗೆ ಕಾರ್ಖಾನೆಗೆ ಹೋಗಿಬರುವಾಗ ಸೈಕಲ್ಲುಗಳೂ ಅವಳನ್ನು ದಾಟುತ್ತಿದ್ದವಂತೆ. ಮನೆಯಲ್ಲಿ ಎಲ್ಲರೂ ಅವಳನ್ನು ‘ಆಮೆ’ ಎನ್ನುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಒಂದು ದಿನ ಮೂವರೂ ಬೆಟ್ಟದಾಚೆಯ ಗಿರಾಕಿಗೆ ಉದ್ದನೆಯ ಕೊಳವೆಗಳನ್ನು ತಲುಪಿಸಿ ಹಿಂದಿರುಗುತ್ತಿದ್ದರು. ಬೆಟ್ಟದ ಬುಡದ ಪೆಟ್ರೋಲ್ ಬಂಕಿನ ಮುಂದೆ ಆಮೆ, “ರೀ, ಸ್ವಲ್ಪ ಹಾಕಿಸ್ಕೊಳ್ಳಿ” ಎಂದಳು.

“ಅಕ್ಕನ ಕೊಳವೆ ಇರೋವಾಗ ಯೋಚನೆ ಯಾಕೆ?” ಎಂದು ತಮ್ಮ ಗುಡುಗಿಸಿಕೊಂಡೇ ದಾಟಿಹೋದ. ಅಕ್ಕನಿಗೆ ಒಳಗೊಳಗೇ ಹಿಗ್ಗು.

ಏರು ಇನ್ನೂ ಮುಗಿದಿರಲಿಲ್ಲ, ಪೆಟ್ರೋಲ್ ಮುಗಿಯುತ್ತಿದೆಯೆಂದು ಹಳದಿ ದೀಪ ಹತ್ತಿಕೊಂಡಿತು. ಮೊದಲು ತಮ್ಮ ಅದನ್ನು ನೋಡದವನಂತೆ ನಟಿಸಿದ. ಎರಡು ತಿರುವು ಕಳೆದ ಮೇಲೆ ನಟನೆಯೂ ಸಾಕಾಗಿ ಕಾರು ನಿಲ್ಲಿಸಿದ. ರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಹಿಂದಿನ ಬಂಕಿಗೆ ಮರಳೋಣವೆಂದರೆ ಆ ಇಕ್ಕಟ್ಟಿನಲ್ಲಿ ಕಾರು ತಿರುಗಿಸಲು ಜಾಗವಿಲ್ಲ. ಮುಂದಿನ ಬಂಕು ಬೆಟ್ಟ ಇಳಿದು, ಬಯಲು ದಾಟಿದ ಮೇಲೆಯೇ.

“ಹೊಸ ಕೊಳವೆ ಹಾಕಿದ ಮೇಲೂ ಹೀಗ್ಯಾಕೆ ಅಕ್ಕಾ?” ಎಂದ.

ಅಕ್ಕ ಇಳಿದು ಹೋಗಿ ಕೊಳವೆಯ ಬಾಯಿಯನ್ನು ಬಗ್ಗಿ ನೋಡಿದಳು.

ಹಿಂದಿನ ಸೀಟಿನಿಂದ ಆಮೆ ಇಳಿದು ಬಂದಳು. “ನಾನು ಓಡಿಸ್ಲಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಕ್ರಗಳನ್ನು ಒಂದೊಂದಾಗಿ ಒದ್ದು ನೋಡಿದಳು. “ಗಾಳಿ ಕಡಿಮೆ ಇದೆ. ಮೆತ್ತಗಿರೋ ಚಕ್ರ ಅಂದ್ರೆ ಮರಳಲ್ಲಿ ನಡೆದ ಹಾಗೆ. ನೀವು ಡಿಕ್ಕೀಲಿರೋ ಪಂಪ್ ಹೊಡೀರಿ. ಅತ್ತಿಗೆ, ಕೊಳವೆ ಕಟ್ಟಿದ್ದ ಮೇಲಿನ ಕ್ಯಾರಿಯರ್ ಬಿಚ್ಚೋಣ. ಬಯಲಲ್ಲಿ ಅದು ಗಾಳಿಗೆ ಅಡ್ಡ ನಿಲ್ಲುತ್ತೆ.”

ತಮ್ಮ ಬೆವರಿಳಿಸುತ್ತಾ ಕಾಲುಪಂಪನ್ನು ತುಳಿದ. ಅಕ್ಕ ಸ್ಪ್ಯಾನರ್ ಹಿಡಿದು ಕ್ಯಾರಿಯರ್‌ನ ಸರಳುಗಳನ್ನು ಬಿಚ್ಚಿ ಡಿಕ್ಕಿಗೆ ತುರುಕಿದಳು. ಆಮೆ ಸ್ಟೇರಿಂಗ್ ಹಿಡಿದಳು, ಅಕ್ಕ ಪಕ್ಕದಲ್ಲಿ ಕೂತಳು.

ಕಾರು ಹೊರಟಿದ್ದೇ ಗೊತ್ತಾಗಲಿಲ್ಲ. ಪೆಡಲಿನ ಮೇಲೆ ಆಮೆಯ ಪಾದ, ಮಲಗಿದ ಮಗುವಿನ ಮೇಲಿಟ್ಟ ಕೈಯಂತಿತ್ತು. ಗುಡುಗುತ್ತಿದ್ದ ಕೊಳವೆ ಈಗ ಗುನುಗುತ್ತಿತ್ತು. ತಾನು ಮಾಡಿದ ಕೊಳವೆಗೆ ಇಂಥ ದನಿಯೂ ಇದೆಯೆಂದು ಅಕ್ಕನಿಗೇ ತಿಳಿದಿರಲಿಲ್ಲ. ಮೂವರೂ ಉಸಿರು ಬಿಗಿಹಿಡಿದಿರುವಾಗಲೇ ಕಾರು ನೆತ್ತಿ ಮುಟ್ಟಿತು.

“ಇನ್ನೇನು, ನ್ಯೂಟ್ರಲ್ ಮಾಡಿ ಇಂಜಿನ್ ಆರಿಸಿಬಿಡು” ಎಂದ ತಮ್ಮ.

“ಬೇಡ ರೀ. ಆರಿಸಿದ್ರೆ ಬ್ರೇಕು, ಸ್ಟೇರಿಂಗು ಎರಡೂ ಕಲ್ಲಾಗುತ್ತೆ. ಗೇರಲ್ಲೇ ಇರ್ಲಿ. ಅತ್ತಿಗೆ, ನೀವು ಆ ಅಂಕಿ ನೋಡ್ತಾ ಇರಿ.”

ಮೀಟರುಗಳ ನಡುವೆ ಪುಟ್ಟ ಪರದೆಯೊಂದಿತ್ತು. ಆ ಗಳಿಗೆಯಲ್ಲಿ ಕಾರು ಎಷ್ಟು ಪೆಟ್ರೋಲ್ ಕುಡಿಯುತ್ತಿದೆ ಎಂದು ಅದು ತೋರಿಸುತ್ತಿತ್ತು. ಅಕ್ಕ ಅದನ್ನು ಎಂದೂ ಲೆಕ್ಕಕ್ಕಿಟ್ಟವಳಲ್ಲ. ಅವಳದು ಕಿವಿಯ ಕಸುಬು. ಆಮೆ ಪೆಡಲಿನಿಂದ ಕಾಲೆತ್ತಿದಳು. ಅಂಕಿ ಸರಸರನೆ ಇಳಿದು ಸೊನ್ನೆಗೆ ಬಂದು ನಿಂತಿತು.

“ಕೆಟ್ಟೋಯ್ತಾ?”

“ಇಲ್ಲ ಅತ್ತಿಗೆ. ಈಗ ಇಂಜಿನ್ ಒಂದು ಹನೀನೂ ಕುಡೀತಿಲ್ಲ. ಚಕ್ರಗಳೇ ಅದನ್ನ ತಿರುಗಿಸ್ತಿವೆ. ನಾನೂ ದಿನಾ ಈ ಅಂಕಿ ನೋಡ್ತಾ ನೋಡ್ತಾನೇ ಕಂಡುಕೊಂಡಿದ್ದು.”

ಅಕ್ಕ ರೆಪ್ಪೆ ಹೊಡೆಯದೆ ನೋಡಿದಳು. ಇಂಜಿನ್ ಚಕ್ರವನ್ನು ತಿರುಗಿಸುತ್ತದೆ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಈಗ ಚಕ್ರ ಇಂಜಿನ್ನನ್ನು ತಿರುಗಿಸುತ್ತಿತ್ತು, ಚಕ್ರವನ್ನು ಬೆಟ್ಟ ಉರುಳಿಸುತ್ತಿತ್ತು. ಏರುವಾಗ ಉಸಿರು ಕಟ್ಟಿಕೊಂಡು ಹತ್ತಿದ ಎತ್ತರವೆಲ್ಲ ಎಲ್ಲಿಯೂ ಕಳೆದುಹೋಗದೆ, ಹೀಗೆ ಮೂವರ ಕಾಲ ಕೆಳಗೇ ಕೂಡಿಕೊಂಡಿತ್ತೇ? ಹಾಗಾದರೆ ತನ್ನ ಕೊಳವೆಯಲ್ಲಿ ಈಗ ಹೋಗುತ್ತಿರುವುದು ಹೊಗೆಯೇ ಅಲ್ಲ. ಬೆಂಕಿ ಸೋಕದ ಗಾಳಿ, ಈ ಬೆಟ್ಟದ್ದೇ ಗಾಳಿ, ಮುಂದಿನಿಂದ ಒಳಗೆ ಬಂದು ಹಿಂದಿನಿಂದ ಹಾಗೆಯೇ ಹೊರಗೆ ಹೋಗುತ್ತಿದೆ. ಅವಳ ತೋಳಿನ ರೋಮ ನಿಮಿರಿತು. ತಿರುವಿನ ಮೇಲೆ ತಿರುವು ಕಳೆದರೂ ಸೊನ್ನೆ ಅಲ್ಲಾಡಲಿಲ್ಲ. ಕೆಳಗೆ ಬಿಸಿಲಿನಲ್ಲಿ ಬಯಲು ತೆರೆದುಕೊಳ್ಳುತ್ತಾ ಹೋಯಿತು. ಹಿಂದೆ ಕೂತಿದ್ದ ತಮ್ಮನೂ ಸೀಟುಗಳ ನಡುವೆ ಕುತ್ತಿಗೆ ಚಾಚಿ, ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದ.

ಬಯಲಿಗೆ ಬಂದ ಮೇಲೆ ಕಾರು ಮತ್ತೆ ಗುಟುಕು ಗುಟುಕಾಗಿ ಕುಡಿಯತೊಡಗಿತು. ಆಮೆ ವೇಗ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಬಂಕಿನ ಬೋರ್ಡು ಕಂಡಾಗ ತಮ್ಮ ಅದನ್ನು ಬೆರಳಿನಿಂದಷ್ಟೇ ತೋರಿಸಿದ, ಮಾತಾಡಿದರೆ ಎಲ್ಲಿ ಇಂಜಿನ್ ಕೆಮ್ಮಿಬಿಡುವುದೋ ಎಂಬಂತೆ. ಪಂಪಿನ ಪಕ್ಕ ನಿಲ್ಲಿಸಿದ ಮೇಲೆ ಆಮೆ ಸ್ಟೇರಿಂಗ್‌ನಿಂದ ಕೈ ತೆಗೆದಳು. ಅಂಗೈ ಬೆವರನ್ನು ಸೆರಗಿಗೆ ಒರೆಸಿಕೊಂಡಳು.

“ನಿಂಗೂ ಭಯ ಆಗಿತ್ತಾ?” ಎಂದಳು ಅಕ್ಕ.

“ಆಗದೆ ಏನು ಅತ್ತಿಗೆ! ತಲುಪ್ತೀವಿ ಅಂತ ನಂಗೇನು ಗೊತ್ತಿತ್ತು?”

ತಮ್ಮ ಇಳಿದು ಟ್ಯಾಂಕ್ ತುಂಬಿಸಿದ. “ಕೊಳವೆ ಬದಲಾಯಿಸ್ಬೇಕಾ ಅಕ್ಕಾ?” ಎಂದು ಮೆಲ್ಲಗೆ ಕೇಳಿದ.

“ಕೊಳವೆಗೇನಾಗಿದೆ? ನಿನ್ನ ಹಳೇದು ಆ ಲಾರಿಯ ಕೊಳವೆ ಹಾಗೆ ಮಸಿ ಕಟ್ಟಿಕೊಂಡಿರ್ಲಿಲ್ಲ, ಅದಕ್ಕೇ ಇದರಿಂದ ಲಾಭ ಕಾಣ್ಲಿಲ್ಲ. ನಂಗಿದು ಮೊದಲೇ ಹೊಳೀಬೇಕಿತ್ತು. ಮಿಕ್ಕಿದ್ದು ನಿನ್ನ ಕಾಲು ಕುಡೀತು” ಎಂದು ಅಕ್ಕ ನಗುತ್ತಾ ಕಾರಿನಿಂದ ಇಳಿದಳು. ಆದರೆ ಅವಳ ಮನಸ್ಸು ಅಲ್ಲಿರಲಿಲ್ಲ. ಇಳಿದು ಬಂದ ದಾರಿಯನ್ನು, ಅದರಾಚೆ ನಿಂತ ಬೆಟ್ಟವನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮತ್ತೆ ಬಂದು ಆಮೆಯ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡಳು.

“ಹೇಗೂ ಟ್ಯಾಂಕ್ ತುಂಬಿದೆ,” ಎಂದಳು ಕೊಂಚ ಸಂಕೋಚದಿಂದ, “ಇನ್ನೊಂದು ಸಲ ಮೇಲೆ ಹೋಗಿ ಬರೋಣ್ವಾ?”