ಅರವತ್ತು ಜರ್ನಲ್, ಒಂದೇ ರೀಡಿಂಗ್

ಒಂಬತ್ತನೆಯ ವಿದ್ಯಾರ್ಥಿಯೂ ಅದೇ ಅಂಕಿ ಹೇಳಿದಾಗ ವಿನೋದಿನಿ ಪೆನ್ನು ಕೆಳಗಿಟ್ಟಳು.

"ನಲವತ್ತೆಂಟು ಪಾಯಿಂಟ್ ಆರು ಕಿಲೋನ್ಯೂಟನ್‌ಗೆ ಸರಳು ತುಂಡಾಯ್ತು. ಸರಿ ಶ್ರಾವ್ಯಾ, ಎಲ್ಲಿ ತುಂಡಾಯ್ತು? ನಡುವೆಯೋ, ತುದಿಯಲ್ಲೋ?"

ಶ್ರಾವ್ಯಾ ಜೋಗೇಶ್ವರಿಯ ಉಡುಪಿ ಹೋಟೆಲಿನವರ ಮಗಳು. ಸುಳ್ಳು ಹೇಳಲು ಬಾರದ ಹುಡುಗಿ. "ಮ್ಯಾಮ್, ಸಚ್ ಬೋಲೂಂ? ತುಂಡಾಗೋದು ನಾವು ನೋಡ್ಲೇ ಇಲ್ಲ. ಸೀನಿಯರ್ಸ್‌ದು ಜರ್ನಲ್ ನೋಡಿ ಬರೆದದ್ದು."

ತರಗತಿಯ ಅರವತ್ತು ಲ್ಯಾಬ್ ಜರ್ನಲ್‌ಗಳಲ್ಲೂ ಅದೇ ಅಂಕಿ ಇತ್ತು. ಮೈಸೂರಿನಿಂದ ಮುಂಬಯಿಗೆ ಬಂದು ಒಂಬತ್ತು ವರ್ಷಗಳಿಂದ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತಿದ್ದ ವಿನೋದಿನಿಗೆ ಈ ಲ್ಯಾಬಿನ ಹೊಣೆ ಸಿಕ್ಕಿದ್ದು ಈ ವರ್ಷವೇ. ಹುಡುಗಿಯ ಮೇಲೆ ಸಿಟ್ಟಾಗಲೂ ಅವಳಿಗೆ ಆಗಲಿಲ್ಲ. ಕಬ್ಬಿಣದ ಸರಳನ್ನು ಎಳೆದು ಮುರಿದು ಅದರ ಬಲ ಅಳೆಯುವ ಹೊಸ ಯಂತ್ರ ಬಂದು ಎಂಟು ತಿಂಗಳಾಗಿತ್ತು. ಅದರ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಅದಕ್ಕೆ ಕರೆಂಟು ಕೊಡಬೇಕಾದರೆ ಹಳೆಯ ಯಂತ್ರದ ಲೈನ್ ಬಿಡಿಸಬೇಕು. ಲೈನ್ ಬಿಡಿಸಬೇಕಾದರೆ ಹಳೆಯದನ್ನು ಗುಜರಿಗೆ ಹಾಕಲು ಮಂಜೂರಾತಿ ಬೇಕು. ಆ ಫೈಲು ಹೋಗಿ ನಾಲ್ಕು ವರ್ಷ. ಅಲ್ಲಿಯವರೆಗೆ ಹಳೆಯದರ ಕೊರಳಲ್ಲಿ 'ಬಳಸಬಾರದು' ಎಂಬ ಬೋರ್ಡು.

ಅವಳು ಮುಖ್ಯಸ್ಥ ಕಾಶಿನಾಥರ ಬಳಿ ಹೋದಳು. ಸೊಲ್ಲಾಪುರದ ಕಡೆಯವರು.

"ಸರ್, ಫೈಲ್ ಎಲ್ಲಿದೆ?"

"ಮ್ಯಾಲೆ ಹೋಗೇದ."

"ಹೋದ ತಿಂಗಳೂ ಮೇಲೇ ಇತ್ತು."

"ಮ್ಯಾಲೆ ಅಂದ್ರ ಮ್ಯಾಲೇ ಇರ್ತದ, ವಿನೋದಿನಿಯವರ. ತಪಾಸಣಿ ಕಮಿಟಿ ಬಂದಾಗ ಹೊಸಾ ಮಷೀನ್ ಕಾಣಬೇಕು. ಕಾಣ್ತದ. ನೀವ್ಯಾಕ ತಲಿ ಕೆಡಿಸ್ಕೋತೀರಿ?"

ಅವಳು ಲ್ಯಾಬಿಗೆ ಮರಳಿ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಇಪ್ಪತ್ತಾರು ವರ್ಷದಿಂದ ಅಲ್ಲೇ ಸಹಾಯಕನಾಗಿದ್ದ ವಿಜಯಪುರದ ಗದಿಗೆಪ್ಪ ನೀರು ತಂದುಕೊಟ್ಟ.

"ಹಳೀ ಮಷೀನ್ ಸತ್ತಿಲ್ರಿ ಮೇಡಮ್. ಎಣ್ಣಿ ಸೀಲ್ ಹರದೈತಿ, ಅಷ್ಟ. ಬೈಕುಲ್ಲಾದಾಗ ಸಿಗ್ತೈತಿ. ನಾಕ್ ವರ್ಷದಿಂದ ಹೇಳಾಕತ್ತೀನಿ, ಯಾರ್ ಕೇಳ್ತಾರ?"

"ನಾನು ಕೇಳ್ತಿದೀನಲ್ಲ ಗದಿಗೆಪ್ಪನವರೇ. ನಡೀರಿ."

ಶನಿವಾರ ಇಬ್ಬರೂ ಸೀಲು ತಂದು ಹಾಕಿ, ಎಣ್ಣೆ ತುಂಬಿ, ಸುತ್ತ ತಂತಿಯ ಜಾಲರಿ ಕಟ್ಟಿ, ನಾಲ್ಕು ಸರಳು ಮುರಿದು ಪರೀಕ್ಷಿಸಿದರು. ಒಂದು ಹನಿಯೂ ಸೋರಲಿಲ್ಲ.

ಸೋಮವಾರ ಮೊದಲ ಬ್ಯಾಚಿನ ಮೂವತ್ತು ಮಂದಿ ಜಾಲರಿಯ ಹೊರಗೆ ನಿಂತರು. ಡಯಲಿನ ಮುಳ್ಳು ನಿಧಾನವಾಗಿ ಮೇಲೇರಿತು. ಸರಳಿನ ನಡು ಬೆಲ್ಲದ ಪಾಕದಂತೆ ಎಳೆದುಕೊಂಡು ಸಣ್ಣಗಾಯಿತು. ಮುಳ್ಳು ತುಸು ಹಿಂದೆ ಸರಿಯಿತು. ಢಮಾರ್ ಎಂಬ ಸದ್ದಿಗೆ ಹಿಂದಿನ ಸಾಲಿನವರು ಕಿರುಚಿಯೇಬಿಟ್ಟರು. ಶ್ರಾವ್ಯಾ ಮುರಿದ ತುಂಡನ್ನು ಮುಟ್ಟಿ ಕೈ ಹಿಂದೆಳೆದಳು. "ಮ್ಯಾಮ್, ಇದು ಗರಂ ಉಂಟು! ಪುಸ್ತಕದಲ್ಲಿ ಹಾಗೆ ಬರೆದೇ ಇಲ್ಲ!"

ಒಂದು ಸರಳು ನಲವತ್ತೇಳೂವರೆಗೆ ಮುರಿಯಿತು, ಇನ್ನೊಂದು ನಲವತ್ತೊಂಬತ್ತು ದಾಟಿತು. ಎಷ್ಟೋ ವರ್ಷಗಳ ಬಳಿಕ ಜರ್ನಲ್‌ಗಳಲ್ಲಿ ಬೇರೆಬೇರೆ ಅಂಕಿ ಬಿದ್ದವು.

ಸದ್ದು ಕಾಶಿನಾಥರ ಕೋಣೆಗೂ ಮುಟ್ಟಿತ್ತು. ನಿಷೇಧಿಸಿದ ಯಂತ್ರ ನಡೆಸಿದ್ದಕ್ಕೆ ಸಂಜೆಯೇ ವಿನೋದಿನಿಗೆ ಮೆಮೊ ಬಂತು, ಗದಿಗೆಪ್ಪನಿಗೆ ಹಾಸ್ಟೆಲಿನ ಉಗ್ರಾಣಕ್ಕೆ ವರ್ಗ. ನಾಲ್ಕು ವರ್ಷ ಕದಲದ ಫೈಲು ನಾಲ್ಕೇ ದಿನದಲ್ಲಿ ಸಹಿಯಾಗಿ ಬಂತು. ಶುಕ್ರವಾರ ಟೆಂಪೊ ಬಂದು ಹಳೆಯ ಯಂತ್ರವನ್ನು ಒಯ್ದಿತು, ಮೊನ್ನೆ ಹಾಕಿದ ಸೀಲಿನ ಸಮೇತ. ಇನ್ನೂ ಸರದಿ ಬಾರದಿದ್ದ ಎರಡನೆಯ ಬ್ಯಾಚಿನವರು ಬಾಗಿಲಲ್ಲಿ ನಿಂತು ನೋಡಿದರು.

"ಲೈನ್ ಖಾಲಿಯಾಯ್ತಲ್ಲ, ಹೊಸದಕ್ಕೆ ಕೊಡಿ," ಎಂದು ವಿದ್ಯುತ್ ವಿಭಾಗಕ್ಕೆ ಹೋದರೆ, ಅದಕ್ಕೆ ಬೇರೆಯೇ ಅರ್ಜಿ ಬೇಕೆಂದರು. ವಿನೋದಿನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅರ್ಜಿ ಅಲ್ಲೇ ನಿಂತು ಬರೆದುಕೊಟ್ಟಳು. ಆಮೇಲೆ ಎರಡನೆಯ ಬ್ಯಾಚಿನ ಮೂವತ್ತೂ ಜರ್ನಲ್‌ಗಳಲ್ಲಿ 'ಪ್ರಯೋಗ ನಡೆದಿಲ್ಲ' ಎಂದು ಬರೆದು ಅಂಕದ ಜಾಗ ಖಾಲಿ ಬಿಟ್ಟಳು.

ಕಾಶಿನಾಥರು ಕರೆಸಿದರು. "ಮಾರ್ಕ್ಸ್ ಹಾಕಿಬಿಡ್ರಿ. ಪರೀಕ್ಷಾ ವಿಭಾಗದಿಂದ ದಿನಾ ಫೋನ್ ಬರ್ಲಿಕ್ಕತ್ತದ."

"ನಡೆಯದ ಪ್ರಯೋಗಕ್ಕೆ ಎಷ್ಟು ಹಾಕ್ಲಿ ಸರ್? ನೀವೇ ಬರೆದು ಸಹಿ ಮಾಡಿಕೊಡಿ, ಹಾಕ್ತೀನಿ."

ಅವರು ಬರೆದುಕೊಡಲಿಲ್ಲ. ಫೋನುಗಳು ನಿಲ್ಲಲಿಲ್ಲ. ಕೊನೆಗೆ ಕಾಶಿನಾಥರೇ ವಿದ್ಯುತ್ ವಿಭಾಗಕ್ಕೆ ಹೇಳಬೇಕಾಯಿತು; ಅರ್ಜಿ ಕೊಟ್ಟ ಒಂಬತ್ತನೆಯ ದಿನ ಇಬ್ಬರು ಎಲೆಕ್ಟ್ರಿಷಿಯನ್‌ಗಳು ಬಂದು ಕೇಬಲ್ ಎಳೆದರು. ಎರಡು ಗಂಟೆಯ ಕೆಲಸ. ಎರಡೇ ಗಂಟೆ! ವಿನೋದಿನಿಗೆ ಕೋಪಕ್ಕೆ ಕಣ್ಣಲ್ಲಿ ನೀರು ಬಂತು. ಮರುದಿನ ಕಂಪನಿಯವನು ಬಂದು ಪ್ಲಾಸ್ಟಿಕ್ ಹರಿದು, ಯಂತ್ರ ಚಾಲೂ ಮಾಡಿ ತೋರಿಸಿ ಹೋದ.

ಇನ್ನು ಕೈ ಪಳಗಿದ ಸಹಾಯಕ ಬೇಕು. ಉಗ್ರಾಣದಲ್ಲಿ ಗದಿಗೆಪ್ಪ ಹಾಸಿಗೆಗಳನ್ನು ಎಣಿಸುತ್ತಿದ್ದ.

"ಆರ್ಡರ್ ಇಲ್ದ ಹೆಂಗ್ ಬರಲ್ರಿ ಮೇಡಮ್?"

ಅವಳು ನೇರ ಕಾಶಿನಾಥರ ಕೋಣೆಗೆ ಹೋಗಿ, ಗದಿಗೆಪ್ಪನನ್ನು ಲ್ಯಾಬಿಗೆ ಮರಳಿ ಕಳಿಸಬೇಕೆಂಬ ಅರ್ಜಿಯನ್ನು ಮೇಜಿನ ಮೇಲಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು.

"ಇಟ್ಟು ಹೋಗ್ರಿ, ನೋಡ್ತೀನಿ."

"ಇಲ್ಲ ಸರ್. ಇದೂ ಮೇಲೆ ಹೋಗೋದು ಬೇಡ. ಕಾಯ್ತೀನಿ."

ಅವರು ಎರಡು ಮೀಟಿಂಗ್ ಮುಗಿಸಿದರು, ಚಹಾ ಕುಡಿದರು. ಅವಳು ಏಳಲಿಲ್ಲ. ಒಂದೂವರೆಗೆ ಊಟದ ಡಬ್ಬಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ, 'ಹದಿನೈದು ದಿನಕ್ಕೆ ಮಾತ್ರ' ಎಂದು ಬರೆದು ಸಹಿ ಹಾಕಿದರು.

"ಮೂವತ್ತು ಸರಳಿಗೆ ಅಷ್ಟು ದಿನ ಸಾಕು ಸರ್," ಎಂದು ಅವಳು ಕಾಗದ ಎತ್ತಿಕೊಂಡು ಹಾಸ್ಟೆಲಿನತ್ತ ನಡೆದಳು.