ಎಚ್ಚರದ ಗುಳಿಗೆ

ಹಸೀನಾ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು, ಒಂದನ್ನು ಬಿಟ್ಟು. ಬಾಯಿ ಸದಾ ಒಣಗುತ್ತದೆ ಎಂದಳು. ಮಲಬದ್ಧತೆಯನ್ನೂ ನಾಚಿಕೆ ಬಿಟ್ಟು ಹೇಳಿದಳು. ರಾತ್ರಿ ನುಂಗಿದ ಗುಳಿಗೆಯ ನಿದ್ದೆ ಮರುದಿನ ಮಧ್ಯಾಹ್ನವಾದರೂ ಇಳಿಯುವುದಿಲ್ಲ ಎಂದಳು. ಹಾಗೆ ಬಿದ್ದುಕೊಂಡಿದ್ದಾಗಲೇ ನಾಲ್ಕು ವರ್ಷದ ಮಗಳು ಹೀನಾ ಒಲೆಯ ಮೇಲಿನ ಚಹಾದ ಪಾತ್ರೆ ಎಳೆದು ಕೈ ಸುಟ್ಟುಕೊಂಡಿದ್ದಳು. ಕೂಸು ಕಿರುಚಿದ್ದು ಇಡೀ ಓಣಿಗೆ ಕೇಳಿತು, ಮಗ್ಗುಲಲ್ಲೇ ಇದ್ದ ತಾಯಿಗೆ ಕೇಳಲಿಲ್ಲ. ಅದನ್ನು ಹೇಳುವಾಗ ಅತ್ತೇಬಿಟ್ಟಳು. ಹೇಳದೆ ಉಳಿಸಿಕೊಂಡ ಮಾತು ಇಷ್ಟೇ: ಆ ನಿದ್ದೆಯಲ್ಲಿ ಅವಳಿಗೆ ಮಗ್ಗದ ಸದ್ದು ಕೇಳುತ್ತಿತ್ತು.

ಮಗ್ಗದಲ್ಲಿ ಕೂಡುತ್ತಿದ್ದವನು ಗಂಡ ಖಾದರ. ಅವನು ಕಾಮಾಲೆಯಾಗಿ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಶಶಿಕಾಂತ ಡಾಕ್ಟರು ಹುಬ್ಬಳ್ಳಿಯವರು, ಮಾನಸಿಕ ರೋಗಗಳ ವೈದ್ಯರು. ವಾರಕ್ಕೊಮ್ಮೆ ರೋಣಕ್ಕೆ ಬಂದು, ಔಷಧದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂಡುತ್ತಿದ್ದರು. ೨೦೦೫ರ ಮಾತು ಇದು. ಆಗ ಅಲ್ಲಿಯ ಮೆಟ್ಟಿಲು ಹತ್ತುವವರೆಲ್ಲ ತಲೆನೋವಿಗೆಂದು ಬಂದವರೇ. ಮನಸ್ಸಿಗೆ ಬೇನೆ ಬಂದಿದೆಯೆಂದು ಒಪ್ಪಿಕೊಳ್ಳುವವರು ಒಬ್ಬರೂ ಇಲ್ಲ. ಹಸೀನಾಳೂ ಗಜೇಂದ್ರಗಡದಿಂದ ಬಸ್ಸು ಹತ್ತುವಾಗ ಕೇಳಿದವರಿಗೆ ತಲೆನೋವೆಂದೇ ಹೇಳಿ ಬಂದಿದ್ದಳು.

ಡಾಕ್ಟರು ಹಳೆಯ ಚೀಟಿ ನೋಡಿದರು. "ಇದು ಅಮಿಟ್ರಿಪ್ಟಿಲಿನ್. ಹಳೇ ಔಷಧ, ಕೆಟ್ಟದ್ದಲ್ಲ. ಆದರ ನಿದ್ದಿ ಭಾಳ, ಬಾಯಿ ಒಣಗಿಸತೈತಿ, ಹೆಚ್ಚಾದರ ಎದಿಗೇ ಅಪಾಯ. ಈಗ ಫ್ಲುಯೊಕ್ಸೆಟಿನ್ ಅಂತ ಕ್ಯಾಪ್ಸೂಲ್ ಕೊಡತೀನಿ. ಮೊದಲಿಗೆ ಹೊಟ್ಟಿ ತೊಳಸತೈತಿ, ನಿದ್ದಿ ಕಡಿಮಿ ಆಗತೈತಿ. ಗುಣ ಹತ್ತಾಕ ಮೂರ್ನಾಕು ವಾರ ಬೇಕು. ಆದರ ಎಚ್ಚರ ಇರತೀರಿ. ಕೂಸಿನ ಸಲುವಾಗಿ ನಿಮಗ ಎಚ್ಚರ ಬೇಕಲ್ರಿ?"

"ಬೇಕ್ರಿ," ಎಂದಳು ಹಸೀನಾ.

"ಮತ್ತೇನರ ಕಾಣೂದು, ಕೇಳೂದು ಐತೇನು?"

"ಏನಿಲ್ಲರಿ."

"ಹಳೇದನ್ನ ಎರಡು ವಾರದಾಗ ಇಳಿಸಿ ಬಿಡ್ರಿ. ಉಳಿದದ್ದು ಒಗದುಬಿಡ್ರಿ."

ಒಗೆಯುವುದಂತೆ! ರೊಕ್ಕ ಕೊಟ್ಟು ತಂದ ಔಷಧ ಒಗೆಯುವಂಥವರು ಆ ನೇಕಾರರ ಓಣಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಒಬ್ಬರ ಜ್ವರದಲ್ಲಿ ಉಳಿದದ್ದು ಇನ್ನೊಬ್ಬರ ಜ್ವರಕ್ಕಾಗುತ್ತಿತ್ತು. ಹಸೀನಾಳ ಅತ್ತೆ ಮದರಬಿಯ ಹತ್ತಿರ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಮೊಣಕಾಲು ನೋವಿನದು, ಕೆಮ್ಮಿನದು, ಹೊಟ್ಟೆಯದು, ಎಲ್ಲವೂ ಅದರಲ್ಲೇ. ಓಣಿಯ ಹೆಂಗಸರು ಬಂದು ಬಣ್ಣ ಹೇಳಿ ಕೇಳಿ ಒಯ್ಯುತ್ತಿದ್ದರು. ಹಸೀನಾ ಮುಂಗಡವಾಗಿ ತಂದಿಟ್ಟುಕೊಂಡಿದ್ದ ಹಳೆಯ ಗುಳಿಗೆಯ ಪಟ್ಟಿಗಳೂ ಆ ಡಬ್ಬಿ ಸೇರಿದವು.

ಆ ಸದ್ದಿನ ಸಂಗತಿಯನ್ನು ಹಸೀನಾ ಮದರಬಿಗೆ ಮಾತ್ರ ಹೇಳಿದ್ದಳು. ಮಗ್ಗದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಹಸೀನಾ ಮಲಗಿದರೆ ಸಾಕು, ಬೆನ್ನ ಹಿಂದೆ ಲಾಳಿ ಓಡುತ್ತಿತ್ತು. ಎರಡು ಪೆಟ್ಟು, ಸ್ವಲ್ಪ ತಡೆದು ಇನ್ನೊಂದು. ಖಾದರ ನೇಯುತ್ತಿದ್ದದ್ದು ಹಾಗೆಯೇ. ಹೊರಳಿ ನೋಡಬೇಕೆಂದರೆ ಮೈ ಕಲ್ಲಾಗಿರುತ್ತಿತ್ತು. ನೋಡುವ ಅವಸರವೂ ಅವಳಿಗಿರಲಿಲ್ಲ. "ಬಂದ್ರೇನ್ರಿ? ಹೀನಾನ ಮ್ಯಾಲ ಲಕ್ಷ್ಯ ಇರಲಿ," ಎಂದು ನಿದ್ದೆಗಣ್ಣಲ್ಲೇ ಹೇಳಿ ಇನ್ನೂ ಆಳಕ್ಕೆ ಇಳಿದುಬಿಡುತ್ತಿದ್ದಳು. ಸತ್ತ ಗಂಡ ದಿನಾ ಮಧ್ಯಾಹ್ನ ಬಂದು ಮನೆ ಕಾಯುತ್ತಾನೆಂಬುದು ಅವಳಿಗೆ ಹೆದರಿಕೆಯ ಮಾತಾಗಿರಲಿಲ್ಲ. ಅದೊಂದೇ ಸುಖವಾಗಿತ್ತು.

"ನಾ ಹಡದಾಕಿ," ಎಂದು ಮದರಬಿ ಒಮ್ಮೆ ಸಿಟ್ಟಿನಿಂದಲೇ ಅಂದಿದ್ದಳು. "ನನಗ ಕೇಳವಲ್ದು, ನಿನಗ ಕೇಳತೈತಿ. ನಿನ್ನೆ ಮೊನ್ನೆ ಬಂದಾಕಿ ನೀ."

ಕ್ಯಾಪ್ಸೂಲು ಹೇಳಿದ ಹಾಗೆಯೇ ಕೆಲಸ ಮಾಡಿತು. ಮೊದಲ ವಾರ ಹೊಟ್ಟೆ ತೊಳಸಿ ರೊಟ್ಟಿಯ ವಾಸನೆಗೇ ವಾಂತಿ ಬರುವಂತಾಯಿತು. ಎರಡನೆಯ ವಾರ ಸುಮ್ಮಸುಮ್ಮನೆ ಕೈ ನಡುಗಿದವು. ನಾಲ್ಕನೆಯ ವಾರದ ಒಂದು ಮುಂಜಾನೆ ಹಸೀನಾ ಮಗಳ ತಲೆ ಬಾಚಿ ಎರಡು ಜಡೆ ಹಾಕಿದಳು. ಹಾಕಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಎಷ್ಟು ತಿಂಗಳಿಂದ ಹಾಕಿರಲಿಲ್ಲವೋ! ಎದೆಯ ಮೇಲೆ ಇಟ್ಟ ಬೀಸುಕಲ್ಲನ್ನು ಯಾರೋ ಎತ್ತಿಟ್ಟಂತಿತ್ತು.

ಆದರೆ ಮಧ್ಯಾಹ್ನಗಳು ಮೌನವಾದವು. ಬೇಕೆಂದೇ ಗೋಡೆಗೆ ಮುಖ ಮಾಡಿ ಮಲಗಿ ನೋಡಿದಳು. ಮಗ್ಗ ಉಸಿರೆತ್ತಲಿಲ್ಲ. ಗಂಡನನ್ನು ಎರಡನೆಯ ಸಲ ಮಣ್ಣು ಮಾಡಿದಂತಾಗಿ ಸಂಕಟಪಟ್ಟಳು. ಡಬ್ಬಿಯ ಕಡೆ ಎರಡು ಸಲ ಕೈ ಹೋಯಿತು. ಹೀನಾಳ ಅಂಗೈಯ ಸುಟ್ಟ ಗುರುತು ನೋಡಿ ಎರಡೂ ಸಲ ಕೈ ಹಿಂದೆ ತೆಗೆದುಕೊಂಡಳು.

ಅತ್ತೆಯ ಕೈ ಆ ಡಬ್ಬಿಗೆ ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಿತ್ತು. ಮದರಬಿ ಮೇಲಿಂದ ಮೇಲೆ ನೀರು ಕುಡಿಯತೊಡಗಿದ್ದಳು. ಉಂಡ ಕೂಡಲೇ ಮಗ್ಗದ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಹೊರಗೆ ಬಂದಾಗ ಮುಖದಲ್ಲಿ, ಮಗ ಹೋದಾಗಿನಿಂದ ಕಾಣದ ಕಳೆ ಇರುತ್ತಿತ್ತು. ಮುದುಕಿಗೂ ಒಂದಿಷ್ಟು ಸಮಾಧಾನ ಬಂತಲ್ಲ ಎಂದು ಹಸೀನಾ ಖುಷಿಪಟ್ಟಿದ್ದಳು, ಪಾಪ.

ಅತ್ತೆ ಹಾಗೆ ಬಾಗಿಲು ಹಾಕಿಕೊಳ್ಳತೊಡಗಿದ ಹತ್ತನೆಯ ದಿನ ಮಧ್ಯಾಹ್ನ ಕೋಣೆಯೊಳಗಿಂದ ಮಾತು ಕೇಳಿಸಿತು. ಹಸೀನಾ ಬಾಗಿಲು ದೂಡಿದಳು.

ಮದರಬಿ ಮಗ್ಗದ ಎದುರು ನೆಲದ ಮೇಲೆ ಕೂತಿದ್ದಳು. ಮುಖ ಕೆಂಪಗೆ ಉರಿಯುತ್ತಿತ್ತು, ತುಟಿ ಬಿರಿದಿದ್ದವು. ಎರಡೂ ಕೈಯ ಬೆರಳುಗಳು ಗಾಳಿಯಲ್ಲಿ ಇಲ್ಲದ ಎಳೆಗಳನ್ನು ಹಿಡಿಯುತ್ತಿದ್ದವು, ಹೊಸೆಯುತ್ತಿದ್ದವು, ಗಂಟು ಹಾಕುತ್ತಿದ್ದವು. ನಲವತ್ತು ವರ್ಷ ಹರಿದ ಎಳೆ ಕಟ್ಟಿದ ಬೆರಳುಗಳು, ಒಂದೂ ತಪ್ಪುತ್ತಿರಲಿಲ್ಲ.

"ಅಮ್ಮಾ, ಏನ ಮಾಡಾಕತ್ತೀರಿ?"

"ಎಳಿ ಹರಿದಾವ, ಕಟ್ಟಿಕೊಡಾಕತ್ತೀನಿ. ಸದ್ದು ಮಾಡಬ್ಯಾಡ. ಅವ ನೇಯಾಕತ್ತಾನ." ಮದರಬಿ ತಿರುಗಿ ನೋಡಿದಳು. ಕಣ್ಣಿನ ಕರಿಯ ಬೊಂಬೆ ಅರಳಿ ಕಣ್ಣೆಲ್ಲ ಕಪ್ಪಾಗಿತ್ತು. "ಕೇಳವಲ್ದೇನು ನಿನಗ?"

ಹಸೀನಾಳಿಗೆ ಏನೂ ಕೇಳಲಿಲ್ಲ. ಮೊದಲು ಹುಟ್ಟಿದ್ದು ಹೆದರಿಕೆಯಲ್ಲ, ಹೊಟ್ಟೆಕಿಚ್ಚು. ಆಮೇಲೆ ಅತ್ತೆಯ ಮಡಿಲಲ್ಲಿ ಖಾಲಿ ಪಟ್ಟಿಗಳು ಕಂಡವು. ಹೆಚ್ಚಾದರೆ ಎದೆಗೇ ಅಪಾಯವೆಂದು ಡಾಕ್ಟರು ಹೇಳಿದ್ದು ನೆನಪಾಗಿ ಅತ್ತೆಯ ರಟ್ಟೆ ಹಿಡಿದಳು.

"ಏಳ್ರಿ ಅಮ್ಮಾ, ದವಾಖಾನಿಗೆ ಹೋಗೂಣು."

"ಅವನ್ನ ಒಬ್ಬನ್ನ ಬಿಟ್ಟು ನಾ ಬರಂಗಿಲ್ಲ."

ಎಳೆದರೂ ಏಳಲಿಲ್ಲ. ಕೊನೆಗೆ ಹಸೀನಾ ಬೇರೆ ದಾರಿ ಕಾಣದೆ ಖಾಲಿ ಮಗ್ಗಕ್ಕೆ ಮುಖ ಮಾಡಿ ಹೇಳಿದಳು: "ನೀವೂ ಏಳ್ರಿ. ಅಮ್ಮಾಗ ಆರಾಮಿಲ್ಲ, ಕೂಡೇ ಹೋಗೂಣು." ಮದರಬಿಯ ಕಣ್ಣು, ನೇಯುವವನು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯಿಂದ ಮೆಲ್ಲಗೆ ಮೇಲಕ್ಕೆ, ಆಳೆತ್ತರಕ್ಕೆ ಏರಿ, ಬಾಗಿಲ ತನಕ ಹೋಯಿತು. ತಕ್ಷಣ ಅವಳೂ ಎದ್ದಳು. ರಿಕ್ಷಾದಲ್ಲಿ ಸೊಸೆಯನ್ನು ಅಂಚಿಗೆ ತಳ್ಳಿ, ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟಳು. ಆ ಜಾಗಕ್ಕೆ ಸೆರಗು ಸೋಕದಂತೆ ಹಸೀನಾ ದಾರಿಯುದ್ದಕ್ಕೂ ಮುದುಡಿ ಕೂತಳು.

ದವಾಖಾನೆಯಲ್ಲಿ ಮೂಗಿನಿಂದ ನಳಿಗೆ ಇಳಿಸಿದರು, ಸಲಾಯಿನ್ ಹಚ್ಚಿದರು, ರಾತ್ರಿಯೆಲ್ಲ ಎದೆಯ ಬಡಿತ ಕಾಯ್ದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮದರಬಿಯ ಕಣ್ಣು ಮೊದಲಿನಂತಾದವು. ಅವಳು ಸೊಸೆಯನ್ನು ಗುರುತಿಸಿ ಕೈ ಹಿಡಿದುಕೊಂಡಳು.

"ಹಸೀನಾ, ಒಂಬತ್ತು ದಿನ ಬೆನ್ನು ಅಷ್ಟ ನೋಡಿದೆ. ನನ್ನ ಮಗನ ಅಂತ ಎಳಿ ಕಟ್ಟಿಕೊಟ್ಟೆ, ನೀರು ಇಟ್ಟೆ. ನಿನ್ನೆ ನೀ ಏಳ್ರಿ ಅಂದಿ ನೋಡು, ಆವಾಗ ಎದ್ದು ನಮ್ಮ ಜೋಡಿ ಬಂದ. ರಿಕ್ಷಾ ಇಳಿಯೂ ಮುಂದ ಈ ಕಡೆ ತಿರುಗಿದ."

"ಹೂಂ?"

"ಖಾದರ ಅಲ್ಲ ಅವ. ಆ ಮುಖ ನಾ ಎಂದೂ ಕಂಡಿಲ್ಲ."

ಗುಳಿಗೆ ತೋರಿಸಿದ್ದು, ಎಂದು ಹಸೀನಾ ತನಗೆ ತಾನೇ ಹೇಳಿಕೊಂಡಳು. ಮುದುಕಿಯ ಮಿದುಳಿಗೆ ಔಷಧ ಏರಿ ಹಾಗಾಯಿತೆಂದು ಬೆಳಿಗ್ಗೆ ನರ್ಸೂ ಹೇಳಿದ್ದಳು. ಆದರೂ ಎರಡು ತಿಂಗಳು ತಾನು ಹೊರಳಿಯೂ ನೋಡದೆ, ಮಧ್ಯಾಹ್ನ ಮಧ್ಯಾಹ್ನ ಮಗಳನ್ನು ಯಾರ ಲಕ್ಷ್ಯಕ್ಕೆ ಒಪ್ಪಿಸಿ ಮಲಗಿದೆನೋ ಎಂಬ ಪ್ರಶ್ನೆ ಎದ್ದಿತು.

ಅಷ್ಟರಲ್ಲಿ ಪಕ್ಕದ ಮನೆಯ ಜಮಾಲಬಿ ಬುತ್ತಿ ಹಿಡಿದು ಒಳಗೆ ಬಂದಳು. ಹಸೀನಾ ಮಗಳನ್ನು ಅವಳ ಹತ್ತಿರವೇ ಬಿಟ್ಟು ಬಂದಿದ್ದಳು.

"ಖಾಲಾ, ಹೀನಾ ಎಲ್ಲಿ?"

"ನಿಮ್ಮ ಮನ್ಯಾಗ ಮಲಗ್ಯಾಳವಾ, ಮಗ್ಗದ ಕೋಣ್ಯಾಗ. ಅಲ್ಲೇ ಮಲಗತೀನಿ ಅಂತ ಭಾಳ ಹಟಾ ಮಾಡಿದಳು. ನಮ್ಮ ಹುಡುಗಿ ಹೊರಗ ಕಟ್ಟಿ ಮ್ಯಾಲ ಕುಂತಾಳ, ಹೆದರಬ್ಯಾಡ."

ಹಸೀನಾ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಮಾರ್ಕೆಟ್ಟಿನವರು ನಿಂತು ನೋಡಿದರು. ನೋಡಲಿ.

ಹೀನಾ ಮಗ್ಗದ ಕುಣಿಯ ಅಂಚಿಗೆ, ಒಂದು ಕೈ ಒಳಗೆ ಇಳಿಬಿಟ್ಟು ಮಲಗಿದ್ದಳು. ಹಸೀನಾ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಸದ್ದಿಲ್ಲ. ಕ್ಯಾಪ್ಸೂಲು ಅವಳನ್ನು ಎಚ್ಚರವಾಗಿ, ನೆಟ್ಟಗೆ ನಿಲ್ಲಿಸಿತ್ತು. ಅಲ್ಲಿ ಯಾರೂ ಇಲ್ಲವೋ, ಇದ್ದದ್ದು ತನಗೆ ಕೇಳುತ್ತಿಲ್ಲವೋ ಎಂಬುದನ್ನು ಮಾತ್ರ ಅದು ಹೇಳುತ್ತಿರಲಿಲ್ಲ.

ಓಡಿಹೋಗಿ ಮಗಳನ್ನು ಬಾಚಿ ಎತ್ತಿ ಎದೆಗವಚಿಕೊಂಡಳು. ಆಮೇಲೆ ಮಗ್ಗಕ್ಕೆ ಬೆನ್ನು ಕೊಡದೆ ನಿಂತು ಗಟ್ಟಿಯಾಗಿ ಹೇಳಿದಳು:

"ನನ್ನ ಗಂಡ ತೀರಿಕೊಂಡಾರ. ಅವರು ಬರಂಗಿಲ್ಲ. ಇದು ನನ್ನ ಮಗಳು, ನಾ ನೋಡಕೋತೀನಿ."

ವರ್ಷವೊಂದರಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅಳು ಒತ್ತರಿಸಿ ಬಂತು. ಅವಳು ಒರೆಸಿಕೊಳ್ಳಲಿಲ್ಲ.

ಹೀನಾ ಎಚ್ಚರವಾಗಿ ಕಣ್ಣು ಬಿಟ್ಟಳು. "ಅಮ್ಮೀ, ಯಾರ ಜೋಡಿ ಮಾತಾಡಾಕತ್ತಿ?"

"ಯಾರೂ ಇಲ್ಲವಾ ಅಲ್ಲಿ. ಹೌದಲ್ಲ? ಯಾರೂ ಇಲ್ಲ."

ಹೀನಾ ತಾಯಿಯ ತೋಳಿನಲ್ಲೇ ಹೊರಳಿ ಮಗ್ಗದ ಕಡೆ ಬಹಳ ಹೊತ್ತು ನೋಡಿದಳು. ಹೌದು ಅನ್ನಲಿಲ್ಲ.